ಹೆಬ್ಬೆರಳಿಗೆ ಎಷ್ಟು ಗುಂಡಿ?

ಡಗ್ಲಾಸ್ ಎಂಗೆಲ್‌ಬಾರ್ಟ್ ಅವರು 1968ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಪ್ರದರ್ಶಿಸಿದ ಮೌಸಿಗೆ ಮೂರು ಗುಂಡಿಗಳಿದ್ದವು. ಹೆಬ್ಬೆರಳಿಗೆ ಹಿಡಿಯುವುದಷ್ಟೇ ಕೆಲಸ. 2009ರಲ್ಲಿ ಬಂದ ರೇಜರ್ ನಾಗಾ ಎಂಬ ಆಟದ ಮೌಸು ಆ ಬೆರಳೊಂದಕ್ಕೇ ಹನ್ನೆರಡು ಗುಂಡಿಗಳನ್ನು ಒಪ್ಪಿಸಿತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಂತಹ, ಹತ್ತಾರು ಮಂತ್ರಾಸ್ತ್ರಗಳನ್ನು ಕ್ಷಣಮಾತ್ರದಲ್ಲಿ ಪ್ರಯೋಗಿಸಬೇಕಾದ ಆಟಗಳಲ್ಲಿ ಇದು ನಿಜವಾದ ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ; ಎಡಗೈ ತನ್ನ ಕೀಲಿಗಳನ್ನು ಬಿಟ್ಟೇಳಬೇಕಾಗಿಲ್ಲ. ಆದರೆ ಗುರಿಯಿಟ್ಟು ಗುಂಡು ಹಾರಿಸುವ ಆಟದಲ್ಲಿ, ಮೌಸನ್ನು ಬಿಗಿಹಿಡಿದ ಬೆರಳೇ ಗುಂಡಿಯನ್ನೂ ಒತ್ತಹೊರಟರೆ ಗುರಿ ಕದಲೀತು. ಅಲ್ಲಿ ಎರಡೇ ಸಾಕು. ಆಟ ಮುಗಿದ ಮೇಲೂ ಆ ಎರಡು, ಅಂತರ್ಜಾಲದ ಪುಟಗಳಲ್ಲಿ ಹಿಂದುಮುಂದಕ್ಕೆ ಸಾಗಲು ಒದಗುತ್ತವೆ. ಹನ್ನೆರಡರ ಸಾಲನ್ನು ನೋಡದೆ ಗುರುತಿಸಲು ದೀರ್ಘಾಭ್ಯಾಸವೇ ಬೇಕು. ಎಡಗೈ ಸ್ವಾಧೀನ ತಪ್ಪಿದವರಿಗೆ ಮಾತ್ರ ಅದನ್ನು ಆಡಂಬರವೆನ್ನಲಾಗದು; ಕೀಲಿಮಣೆಯ ಪಾಲನ್ನೂ ಅವರು ಒಂದೇ ಕೈಯಲ್ಲಿ ನಿರ್ವಹಿಸಬೇಕಲ್ಲವೆ?