ಅವಸರವಿಲ್ಲದ ರೈಲು ಪಯಣ: ಕುಮಟಾ, ಹೊನ್ನಾವರ, ಭಟ್ಕಳ



ಶಾಲೆಗಳಿಗೆ ರಜೆ ಬಂದಿತೆಂದರೆ ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಒಂದು ಟೆಂಪೋ ಗೊತ್ತುಮಾಡಿ, ನಸುಕಿನಲ್ಲಿ ಹೊರಟು, ಎರಡು ದಿನಗಳಲ್ಲಿ ಎಂಟು ಹತ್ತು ಊರುಗಳನ್ನು ಮುಗಿಸಿ, ಮೂರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಮನೆ ಸೇರುವುದು ಈಗ ರೂಢಿಯಾಗಿದೆ. ‘ಮುಗಿಸಿ’ ಎಂಬುದು ನಮ್ಮ ಮಾತಲ್ಲ. ಭಕ್ತರ ಬಾಯಿಂದಲೇ ನಾವು ಕೇಳಿದ ಮಾತು. ಇಂಥ ಪ್ರವಾಸದಲ್ಲಿ ಮೊಣಕಾಲು ನೋವಿನ ಹಿರಿಯರು ಗಾಡಿಯಿಂದ ಇಳಿಯುವುದೇ ಇಲ್ಲ. “ನೀವು ನೋಡಿ ಬರ್ರಿ, ನಾ ಇಲ್ಲೇ ಕೂಡತೀನಿ” ಎಂದು ಅವರು ಹೇಳುತ್ತಾರೆ. ಉಳಿದವರು ಹೋಗಿ ಬರುತ್ತಾರೆ. ಬೆಳಗಿನ ಲಿಂಗಪೂಜೆಗೆ ಸಿಕ್ಕುವುದು ಐದು ನಿಮಿಷ. ಹೀಗೆ ಹೋಗಿ ಬಂದವರನ್ನು ಏನು ಕಂಡಿರೆಂದು ಕೇಳಿದರೆ ಊರುಗಳ ಹೆಸರನ್ನು ಹೇಳುತ್ತಾರೆಯೇ ಹೊರತು ಬೇರೇನನ್ನೂ ಹೇಳಲಾರರು.

ಹಾವೇರಿ ಸೀಮೆಯ ಭಕ್ತರೊಬ್ಬರು ಈಚೆಗೆ ನಮಗೊಂದು ಪತ್ರ ಬರೆದಿದ್ದಾರೆ. ಅವರ ತಾಯಿಯವರಿಗೆ ಎಪ್ಪತ್ತು ದಾಟಿದೆ. ಬಂಧುಗಳ ಮಗನೊಬ್ಬ ಸ್ವಿಟ್ಜರ್ಲೆಂಡಿನಿಂದ ಕಳುಹಿಸಿದ ಚಿತ್ರಗಳಲ್ಲಿ ಹಿಮಪರ್ವತಗಳ ನಡುವೆ ಸಾಗುವ ಕೆಂಪು ರೈಲನ್ನು ಕಂಡು, “ಇಂಥಾ ಗಾಡಿಯೊಳಗ ಒಮ್ಮೆ ಕೂಡಬೇಕಿತ್ತು” ಎಂದರಂತೆ. ಅಷ್ಟು ದೂರ ಕರೆದೊಯ್ಯುವ ಅನುಕೂಲ ತಮಗಿಲ್ಲ, ಹತ್ತಿರದಲ್ಲಿ ಅಂಥದೇನಾದರೂ ಉಂಟೇ ಎಂಬುದು ಅವರ ಪ್ರಶ್ನೆ. ಉಂಟು. ಪ್ರಶ್ನೆ ಒಂದು ಮನೆಯದಾದರೂ ಉತ್ತರ ಹಲವು ಮನೆಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆ ಪರದೇಶದ ರೈಲಿನ ಗುಣವನ್ನು ತಿಳಿಯೋಣ. ಆಲ್ಪ್ಸ್ ಪರ್ವತಗಳಲ್ಲಿ ಝರ್ಮಾಟ್ ಎಂಬ ಊರಿನಿಂದ ಸೇಂಟ್ ಮೋರಿಟ್ಜ್ ಎಂಬ ಊರಿಗೆ ‘ಗ್ಲೇಸಿಯರ್ ಎಕ್ಸ್‌ಪ್ರೆಸ್’ ಎಂಬ ಗಾಡಿ 1930ರಿಂದ ಓಡುತ್ತಿದೆ. ದೂರ 291 ಕಿ.ಮೀ.; ಹಿಡಿಯುವ ಕಾಲ ಸುಮಾರು ಎಂಟು ಗಂಟೆ. ದಾರಿಯಲ್ಲಿ 91 ಸುರಂಗಗಳು, 291 ಸೇತುವೆಗಳು. ಜಗತ್ತಿನ ಎಕ್ಸ್‌ಪ್ರೆಸ್ ಗಾಡಿಗಳಲ್ಲೆಲ್ಲ ಅತಿ ನಿಧಾನವಾದುದೆಂದು ಅದಕ್ಕೆ ಖ್ಯಾತಿ. ಆ ನಿಧಾನವನ್ನು ಅಲ್ಲಿನವರು ಕೊರತೆಯೆಂದು ತಿಳಿಯದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಊರು ಸೇರುವುದಕ್ಕಾಗಿ ಆ ಗಾಡಿಯನ್ನು ಏರುವವರು ಕಡಿಮೆ. ಕಿಟಕಿಯ ಬಳಿ ಕುಳಿತು ನೋಡುವುದಕ್ಕಾಗಿಯೇ ಏರುತ್ತಾರೆ.

ಈಗ ನಮ್ಮ ಕರಾವಳಿಗೆ ಬರೋಣ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿ.ಮೀ. ಉದ್ದದ ಕೊಂಕಣ ರೈಲ್ವೆಯಲ್ಲಿ ತೊಂಬತ್ತಕ್ಕೂ ಮಿಕ್ಕಿ ಸುರಂಗಗಳೂ ಎರಡು ಸಾವಿರದಷ್ಟು ಸೇತುವೆಗಳೂ ಇವೆ. 1990ರಲ್ಲಿ ಇದಕ್ಕಾಗಿ ನಿಗಮ ಸ್ಥಾಪನೆಯಾಯಿತು. ರೈಲ್ವೆ ಮಂತ್ರಿಗಳಾಗಿದ್ದ ಜಾರ್ಜ್ ಫರ್ನಾಂಡಿಸರು ಕೆಲಸಕ್ಕೆ ಚಾಲನೆ ಕೊಟ್ಟರು, ಇ. ಶ್ರೀಧರನ್ ಅವರು ಮುಂದೆ ನಿಂತು ಕಟ್ಟಿಸಿದರು. 1998ರ ಜನವರಿ 26ರಂದು ಇಡೀ ಮಾರ್ಗ ತೆರೆಯಿತು. 2022ರ ಹೊತ್ತಿಗೆ ಪೂರ್ತಿ ವಿದ್ಯುದೀಕರಣವೂ ಆಯಿತು. ಈ ಮಾರ್ಗದಲ್ಲಿ ಕುಮಟಾದಿಂದ ಭಟ್ಕಳದವರೆಗಿನ ಭಾಗ ಸುಮಾರು 60 ಕಿ.ಮೀ. ಮಾತ್ರ. ಹಿರಿಯರಿಗೂ ಮಕ್ಕಳಿಗೂ ಆಯಾಸವಾಗದಷ್ಟು ಚಿಕ್ಕದು. ನೋಡಬಲ್ಲವರಿಗೆ ಮೂರು ದಿನಗಳಿಗೆ ಸಾಕಾಗುವಷ್ಟು ತುಂಬಿದ್ದು.

ಇಲ್ಲಿ ಕೆಲವರಿಗೆ ಒಂದು ಸಂಶಯ ಬರಬಹುದು. ‘ಅಷ್ಟು ದೂರ ಹೋದಮೇಲೆ ಇನ್ನೂ ನಾಲ್ಕು ಕ್ಷೇತ್ರಗಳನ್ನು ನೋಡಿ ಬಂದರೆ ಪುಣ್ಯವಲ್ಲವೇ?’ ಲಿಂಗಾಯತ ಧರ್ಮದಲ್ಲಿ ಹುಟ್ಟಿದವರು ಈ ಮಾತನ್ನು ಸ್ವಲ್ಪ ವಿಚಾರಿಸಬೇಕು. ಶರಣರು ನಮ್ಮ ಅಂಗದ ಮೇಲೆ ಇಷ್ಟಲಿಂಗವನ್ನಿತ್ತರು. ಪೂಜೆಗಾಗಿ ನಾವು ಯಾವ ಊರಿಗೂ ಹೋಗಬೇಕಾದುದಿಲ್ಲ. ಲಿಂಗ ನಮ್ಮೊಡನೆಯೇ ಬರುತ್ತದೆ. ಊರುಗಳನ್ನು ಎಣಿಸಿ ಪುಣ್ಯ ಕೂಡಿಡುವ ಲೆಕ್ಕ ನಮ್ಮದಲ್ಲ. ಹಾಗಾದರೆ ಪ್ರವಾಸವೇ ಬೇಡವೆಂದೇ? ಹಾಗಲ್ಲ. ನಾಡನ್ನು ಅರಿಯಲು, ಜನರ ಕಾಯಕವನ್ನು ಕಂಡು ಕಲಿಯಲು, ಮನೆಯವರೆಲ್ಲ ನಾಲ್ಕು ದಿನ ಒಂದಾಗಿರಲು ಪ್ರವಾಸ ಬೇಕು. ಜಂಗಮರು ಊರೂರು ಸಂಚರಿಸಿದ್ದೂ ಜನರ ನಡುವೆ ಅರಿವನ್ನು ಹಂಚಲೆಂದು. ಪುಣ್ಯದ ಲೆಕ್ಕ ಬಿಟ್ಟೊಡನೆ ಅವಸರದ ಕಾರಣವೂ ಬಿಟ್ಟುಹೋಗುತ್ತದೆ. ಹತ್ತು ಊರು ಓಡುವುದಕ್ಕಿಂತ ಮೂರು ಊರುಗಳಲ್ಲಿ ಕುಳಿತು ಬರುವುದು ಲೇಸೆಂದು ನಾವು ಹೇಳುವುದು ಇದಕ್ಕಾಗಿಯೇ.

ಇನ್ನು ಪಯಣದ ಕ್ರಮ. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಬರಬೇಕೆಂಬ ಮಾತು ದಶಕಗಳಿಂದ ಮಾತಾಗಿಯೇ ಉಳಿದಿದೆ. ಆದುದರಿಂದ ಬಯಲುಸೀಮೆಯವರು ಶಿರಸಿಯವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ದೇವಿಮನೆ ಘಟ್ಟವನ್ನಿಳಿದು ಕುಮಟಾ ಸೇರಬೇಕು. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿ.ಮೀ. ಮೊದಲ ದಿನಕ್ಕೆ ಅಷ್ಟೇ ಸಾಕು. ಸಂಜೆ ಮಕ್ಕಳಿಗೆ ಕಡಲು ತೋರಿಸಿ ವಿಶ್ರಮಿಸಿರಿ.

ಕುಮಟೆಗೂ ನಮ್ಮ ಹತ್ತಿಯ ಹೊಲಗಳಿಗೂ ಹಳೆಯ ನಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಈ ಬಂದರಿಗೆ ಬರುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ, ನಮ್ಮ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂತು. ‘ಕುಮಟಾ ಹತ್ತಿ’ ಎಂಬ ಹೆಸರೇ ಪೇಟೆಗಳಲ್ಲಿ ಬಿದ್ದಿತು. ಮುಂದೆ 1880ರ ದಶಕದಲ್ಲಿ ಬಯಲುಸೀಮೆಯಿಂದ ಗೋವೆಯ ಮರ್ಮಗೋವಾ ಬಂದರಿಗೆ ರೈಲು ಹಾಸಿದಾಗ ವ್ಯಾಪಾರ ಅತ್ತ ತಿರುಗಿತು, ಕುಮಟೆಯ ಬಂದರು ಸೊರಗಿತು. ರೈಲಿಲ್ಲದ್ದರಿಂದ ಬಡವಾದ ಊರಿಗೆ ರೈಲು ಬರಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ನಿಲ್ದಾಣದಲ್ಲಿ ಗಾಡಿಗಾಗಿ ಕಾಯುವಾಗ ಮಕ್ಕಳಿಗೆ ಈ ಕತೆಯನ್ನು ಹೇಳಬಹುದು. ನಮ್ಮ ಮುತ್ತಜ್ಜಂದಿರ ಬೆವರು ಇಲ್ಲಿಯ ಹಡಗುಗಳನ್ನು ತುಂಬಿತ್ತೆಂದು ಅವರಿಗೆ ತಿಳಿಯಲಿ.

ಎರಡನೆಯ ದಿನ ಪೂಜೆ ಪ್ರಸಾದಗಳನ್ನು ಮುಗಿಸಿ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಗಾಡಿಯನ್ನು ಏರಿರಿ. ಮಡಗಾಂವ್ ಮತ್ತು ಮಂಗಳೂರುಗಳ ನಡುವೆ ಅಂಥ ಗಾಡಿ ಉಂಟು. ವೇಳೆ ಬದಲಾಗುತ್ತಿರುವುದರಿಂದ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ಕುಮಟಾ, ಹೊನ್ನಾವರ, ಮಂಕಿ, ಮುರ್ಡೇಶ್ವರ, ಚಿತ್ರಾಪುರ, ಭಟ್ಕಳ: ಇದು ನಿಲ್ದಾಣಗಳ ಸಾಲು. ದಕ್ಷಿಣಕ್ಕೆ ಮುಖಮಾಡಿದರೆ ಬಲಕ್ಕೆ ಕಡಲ ಕಡೆ, ಎಡಕ್ಕೆ ಸಹ್ಯಾದ್ರಿ. ಹಳಿ ಕಡಲಂಚಿನಲ್ಲಿ ಓಡದೆ ಸ್ವಲ್ಪ ಒಳಗೆ ಓಡುವುದರಿಂದ ಕಡಲು ಕಾಣುವುದು ವಿರಳ. ಕಾಣುವುದು ಅಡಿಕೆ ತೆಂಗಿನ ತೋಟಗಳು, ಗದ್ದೆಗಳು, ಕೆಂಪು ಕಲ್ಲಿನ ಗುಡ್ಡ ಕಡಿದು ಮಾಡಿದ ದಾರಿ. ಹೊನ್ನಾವರ ಬಿಟ್ಟೊಡನೆ ಶರಾವತಿಯ ಸೇತುವೆ. ಎರಡು ಕಿಲೋಮೀಟರಿಗೂ ಮೀರಿದ ಇದು ಕೊಂಕಣ ರೈಲ್ವೆಯಲ್ಲಿಯೇ ಅತಿ ಉದ್ದವಾದುದು. ದಾಟಲು ಕೆಲವೇ ನಿಮಿಷ. ಒಂದು ಕಡೆ ನದಿ ಕಡಲನ್ನು ಸೇರುವ ಅಳಿವೆ, ಇನ್ನೊಂದು ಕಡೆ ಘಟ್ಟದವರೆಗೆ ಹರಡಿದ ನೀರು ಮತ್ತು ಇಲ್ಲಿಯವರು ‘ಕುರ್ವೆ’ ಎನ್ನುವ ನಡುಗಡ್ಡೆಗಳು. ಆ ಹೊತ್ತಿನಲ್ಲಿ ಮೊಬೈಲು ಹಿಡಿದು ಚಿತ್ರ ತೆಗೆಯುವುದಕ್ಕಿಂತ ಅಜ್ಜಿಯನ್ನು ಕಿಟಕಿಯ ಬಳಿ ಕೂರಿಸುವುದು ಮುಖ್ಯ ಕೆಲಸ.

ಮಧ್ಯೆ ಬೇಕಾದವರು ಮುರ್ಡೇಶ್ವರದಲ್ಲಿ ಇಳಿದು 123 ಅಡಿಯ ಶಿವನ ಮೂರ್ತಿಯನ್ನೂ ಅದರ ಹಿಂದಿನ ಕಡಲನ್ನೂ ನೋಡಬಹುದು. ಭಟ್ಕಳದಲ್ಲಿ ಒಂದು ರಾತ್ರಿ ತಂಗಬಹುದು. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಬಂದರು ಇದು. ಜೈನ ಬಸದಿಗಳು, ಕೇತಪೈ ನಾರಾಯಣ ದೇವಾಲಯದ ಕಲ್ಲಿನ ಕೆತ್ತನೆ, ನವಾಯತ ಮುಸಲ್ಮಾನರ ಹಳೆಯ ಮನೆಗಳು ಒಂದೇ ಊರಿನಲ್ಲಿವೆ. ಮರುದಿನದ ಲಿಂಗಪೂಜೆಗೆ ಇಲ್ಲಿಯ ಹೆಸರುವಾಸಿಯಾದ ಮಲ್ಲಿಗೆ ಸಿಕ್ಕೀತು.

ಮೂರನೆಯ ದಿನ ಮತ್ತೆ ರೈಲಿನಲ್ಲಿ ಹೊನ್ನಾವರಕ್ಕೆ ಬನ್ನಿರಿ. ಹೋಗುವಾಗ ಕಾಣದ್ದು ಬರುವಾಗ ಕಾಣುತ್ತದೆ. ಹೊನ್ನಾವರದ ಸಮೀಪ ಕಡಲ ನಡುವೆ ಬಸವರಾಜದುರ್ಗವೆಂಬ ದ್ವೀಪವಿದೆ. ಅಲ್ಲಿಯ ಕೋಟೆ ಕೆಳದಿಯ ಅರಸರದು. ವೀರಶೈವರಾದ ಆ ಅರಸರ ಆಳ್ವಿಕೆ ಘಟ್ಟದ ಮೇಲಿನಿಂದ ಈ ಕಡಲವರೆಗೂ ಹಬ್ಬಿತ್ತೆಂಬುದನ್ನು ನಮ್ಮ ಮಕ್ಕಳು ಪುಸ್ತಕದಲ್ಲಿ ಓದುವುದಕ್ಕಿಂತ ಇಲ್ಲಿ ನಿಂತು ತಿಳಿಯುವುದು ಚೆನ್ನ.

1623ರಲ್ಲಿ ಪಿಯೆತ್ರೊ ದೆಲ್ಲ ವಲ್ಲೆ ಎಂಬ ರೋಮ್ ನಗರದ ಪ್ರವಾಸಿಯೊಬ್ಬನು ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರಿಯೊಡನೆ ಇದೇ ಹೊನ್ನಾವರಕ್ಕೆ ಬಂದನು. ಇಲ್ಲಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ ಸಾಗಿ, ಆ ನದಿಯ ಚೆಲುವನ್ನು ಮನಸಾರೆ ಮೆಚ್ಚಿ ಬರೆದನು. ಮುಂದೆ ಘಟ್ಟದಲ್ಲಿ ಸಾಮಾನು ಹೊರುವ ಏರ್ಪಾಡಾಗುವವರೆಗೆ ಅವನು ಕಾಯಬೇಕಾಯಿತು. ಬೇಸರಪಡದೆ ಒಂದು ದೇವಾಲಯದ ಜಗಲಿಯಲ್ಲಿ ಕುಳಿತನು. ಅಲ್ಲಿ ಚಿಕ್ಕ ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ಬರೆದುದನ್ನು ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದರು. ಅದನ್ನು ಅವನು ವಿವರವಾಗಿ ಬರೆದಿಟ್ಟನು. ನಾನೂರು ವರ್ಷಗಳ ಹಿಂದೆ ಕನ್ನಡ ನಾಡಿನ ಮಕ್ಕಳು ಹೇಗೆ ಕಲಿಯುತ್ತಿದ್ದರೆಂದು ಇಂದು ನಮಗೆ ತಿಳಿದಿರುವುದು, ಆ ಪರದೇಶಿಯು ಅಂದು ಕಾದುಕುಳಿತದ್ದರಿಂದ. ಸಾಮಾನು ಕೂಡಲೇ ಹೊರಟಿದ್ದರೆ ಆ ಮಕ್ಕಳು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

ಅವನ ದಾರಿಯನ್ನೇ ಹಿಡಿದು ನೀವು ಹೊನ್ನಾವರದಿಂದ ಬಸ್ಸಿನಲ್ಲಿ ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತಿ, ಜೋಗ ನೋಡಿ, ಸಾಗರದ ಬಳಿಯ ಇಕ್ಕೇರಿ ಕೆಳದಿಗಳಲ್ಲಿ ಪಯಣವನ್ನು ಪೂರೈಸಬಹುದು. ಜೋಗದ ಸಮೀಪದ ತಾಳಗುಪ್ಪದಿಂದ ಶಿವಮೊಗ್ಗೆಯ ಕಡೆಗೆ ಮತ್ತೆ ರೈಲು ಸಿಗುತ್ತದೆ.

ಕೆಲವು ಸೂಚನೆಗಳು. ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯವರೆಗಿನ ಕಾಲ ಹಿರಿಯರಿಗೆ ಹಿತ. ಮಳೆಗಾಲದಲ್ಲಿ ನೋಟ ಸೊಗಸಾದರೂ ಘಟ್ಟದ ರಸ್ತೆಗಳು ನಂಬಿಕೆಗೆ ಅರ್ಹವಲ್ಲ. 2024ರ ಜುಲೈ ತಿಂಗಳಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಪ್ರಾಣಹಾನಿಯಾದುದನ್ನು ಮರೆಯಬಾರದು. ಆ ತಿಂಗಳುಗಳಲ್ಲಿ ಕೊಂಕಣ ರೈಲ್ವೆಯು ಬೇರೆ ವೇಳಾಪಟ್ಟಿ ಮಾಡಿ ಗಾಡಿಗಳ ವೇಗವನ್ನು ತಗ್ಗಿಸುತ್ತದೆ. ಸುರಿಯುವ ಮಳೆಯಲ್ಲಿ, ಕತ್ತಲಲ್ಲಿ, ದೀಪ ಹಿಡಿದು ಹಳಿಯುದ್ದಕ್ಕೂ ನಡೆದು ಕಲ್ಲು ಮಣ್ಣು ಬಿದ್ದಿದೆಯೇ ಎಂದು ನೋಡುವ ಕಾವಲಿನವರಿದ್ದಾರೆ. ಗಾಡಿಯಲ್ಲಿ ನಿದ್ರಿಸುವವರಿಗೆ ಅವರ ಮುಖ ಗೊತ್ತಿಲ್ಲ. ಕಾಯಕವೆಂದರೇನೆಂದು ಮಕ್ಕಳು ಕೇಳಿದರೆ ಇವರನ್ನು ತೋರಿಸಿರಿ.

ಮಂಡಿನೋವಿನವರಿಗೆ ಕೆಳಗಿನ ಆಸನವನ್ನು ಮೊದಲು ಹಿಡಿಯಬೇಕು. ಗಾಡಿ ಸ್ವಲ್ಪವೇ ಹೊತ್ತು ನಿಲ್ಲುವುದರಿಂದ ಇಳಿಯಲು ಮುಂಚೆಯೇ ಸಿದ್ಧರಾಗಬೇಕು. ಊಟಕ್ಕೆ ಹೋಟೆಲುಗಳನ್ನೇ ನಂಬದೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಇವುಗಳ ಬುತ್ತಿ ಕಟ್ಟಿಕೊಳ್ಳಿರಿ. ಬುತ್ತಿ ಬಿಚ್ಚಿದಾಗ ಎದುರು ಕುಳಿತವರಿಗೂ ಒಂದು ರೊಟ್ಟಿ ಕೊಡಿರಿ. ಅವರು ಮೀನು ಮಾರಿ ಮರಳುವ ತಾಯಿಯಾಗಿರಬಹುದು, ಕಾಲೇಜಿಗೆ ಹೋಗುವ ಹುಡುಗನಾಗಿರಬಹುದು. ಜಾತಿ ಕೇಳಿ ಕೊಡುವುದು ದಾಸೋಹವಲ್ಲ. ಪೂಜೆಗೆ ಪ್ರತಿದಿನ ಒಂದು ಗಂಟೆಯನ್ನು ಮೊದಲೇ ತೆಗೆದಿಟ್ಟು ಉಳಿದ ಹೊತ್ತಿಗೆ ಗಾಡಿಯನ್ನು ಹೊಂದಿಸಿಕೊಳ್ಳಿರಿ. ಮನೆಯಲ್ಲಿ ಅತಿ ನಿಧಾನವಾಗಿ ನಡೆಯುವವರು ಯಾರೋ ಅವರ ನಡಿಗೆಯೇ ಇಡೀ ತಂಡದ ನಡಿಗೆಯಾಗಲಿ. ಗಾಡಿಯಲ್ಲಿ ಒಬ್ಬರನ್ನು ಕೂರಿಸಿ ಉಳಿದವರು ನೋಡಿಬರುವ ಪ್ರವಾಸವನ್ನು ನಮ್ಮ ಮನೆಗಳು ಬಿಡಬೇಕು. ಅಂಥ ಹಿರಿಯರೊಡನೆ ಕಿಟಕಿಯ ಬಳಿ ಕುಳಿತುಕೊಳ್ಳುವ ವರ್ಷಗಳು ಯಾರಿಗೂ ಬಹಳ ಇರುವುದಿಲ್ಲ.