ದಾಖಲೆ ಇಳುವರಿ ಯಾರ ಹೊಲದ್ದು?

ಎಂಜಿನಿಯರಿಂಗ್ ಓದುವ ನಮಗೆ ಮೊದಲು ಕಲಿಸುವುದು ಮೋಟಾರಿನ ಮೇಲಿನ ಫಲಕ ಓದುವುದನ್ನು. ಎಷ್ಟು ವೋಲ್ಟ್, ಎಷ್ಟು ಆಂಪಿಯರ್, ಎಷ್ಟು ವೇಗ ಎಲ್ಲವೂ ಅದರಲ್ಲಿರುತ್ತದೆ. ಬೀಜದ ಚೀಲದ ಮೇಲೂ ಮೊಳಕೆ ಪ್ರಮಾಣ, ಶುದ್ಧತೆ, ಲಾಟ್ ಸಂಖ್ಯೆ ಇರುತ್ತವೆ. ಆದರೆ ಆ ತಳಿ ಯಾವ ಮಣ್ಣಿನಲ್ಲಿ, ಎಷ್ಟು ಮಳೆಗೆ, ಯಾವ ತಿಂಗಳು ಬಿತ್ತಿದಾಗ ಚೆನ್ನಾಗಿ ಬಂದಿದೆ ಎಂಬುದು ರೈತರ ಕಣ್ಣಿಗೆ ಬೀಳುವಂತೆ ಇರುವುದು ಅಪರೂಪ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ‘ಎಕರೆಗೆ ಇಷ್ಟು ಕ್ವಿಂಟಲ್’ ಎಂಬುದಷ್ಟೇ. ಮೋಟಾರ್ ಸುಟ್ಟರೆ ಬದಲಿಸಬಹುದು. ಹಂಗಾಮು ಕೈತಪ್ಪಿದರೆ ವರ್ಷದ ಅನ್ನವೇ ಹೋಗುತ್ತದೆ, ಸಾಲ ಮಾತ್ರ ಉಳಿಯುತ್ತದೆ.

ಜೋಳವನ್ನೇ ನೋಡಿ. ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್‌–1 ಬಿಡುಗಡೆಯಾದದ್ದು 1964ರಲ್ಲಿ. ಮುಂಗಾರಿ ಜೋಳದ ಇಳುವರಿಯನ್ನು ಹೈಬ್ರಿಡ್‌ಗಳು ಏರಿಸಿದವು. ಆದರೆ ವಿಜಯಪುರ, ಬಾಗಲಕೋಟೆ ಕಡೆಯ ಹಿಂಗಾರಿ ಹೊಲಗಳಲ್ಲಿ ಇಂದಿಗೂ ಮಾಲದಂಡಿ ಎಂಬ ಎಂ 35–1 ತಳಿಗೆ ಬೇಡಿಕೆ ಇದೆ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದ ತಳಿ ಅದು. ಹಿಂಗಾರಿ ಜೋಳ ಬಿತ್ತುವುದು ಮಳೆಗಾಲ ಮುಗಿಯುತ್ತಿರುವಾಗ. ಆಮೇಲೆ ಎರೆಭೂಮಿಯ ಒಡಲಲ್ಲಿ ಉಳಿದ ತೇವವೇ ಬೆಳೆಗೆ ಆಧಾರ. ರಾತ್ರಿಯ ಚಳಿ, ಸುಳಿ ನೊಣ, ಕೊನೆಯ ದಿನಗಳ ಬರ ಎಲ್ಲವನ್ನೂ ತಾಳಿಕೊಳ್ಳಬೇಕು. ಅದರ ಮೇಲೆ ರೊಟ್ಟಿ ಚೆನ್ನಾಗಿ ಬರಬೇಕು, ದನಕ್ಕೆ ಕಣಿಕೆಯೂ ಬೇಕು. ಕಾಳಿನ ತೂಕವನ್ನಷ್ಟೇ ಅಳೆಯುವ ಅಂಕಿಗೆ ಇದ್ಯಾವುದೂ ಕಾಣುವುದಿಲ್ಲ.

ಸರಾಸರಿಯೂ ನಮ್ಮನ್ನು ದಾರಿ ತಪ್ಪಿಸಬಲ್ಲದು. ಒಂದು ತಳಿ ಒಂದೂರಲ್ಲಿ 20 ಕ್ವಿಂಟಲ್, ಇನ್ನೊಂದೂರಲ್ಲಿ 4 ಕ್ವಿಂಟಲ್ ಕೊಟ್ಟಿತು ಎಂದುಕೊಳ್ಳಿ. ಇನ್ನೊಂದು ತಳಿ ಎರಡೂ ಕಡೆ 11 ಕೊಟ್ಟಿತು. ಸರಾಸರಿಯಲ್ಲಿ ಗೆಲ್ಲುವುದು ಮೊದಲನೆಯದೇ. ಆದರೆ ಎರಡನೇ ಊರಿನ ರೈತ ಅದನ್ನು ನಂಬಿದರೆ ಗತಿಯೇನು?

ಇದು ಹೊಸ ತಳಿಗಳ ವಿರುದ್ಧದ ಮಾತಲ್ಲ. ವಿಜ್ಞಾನಿ ಲಕ್ಷ್ಮಣಯ್ಯ ಅವರು ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರ ಮಾಡಿ ರೂಪಿಸಿದ ‘ಇಂಡಾಫ್’ ತಳಿಗಳು ನಮ್ಮ ರಾಗಿ ಕಣಜವನ್ನೇ ಹಿಗ್ಗಿಸಿದವು. ಹಾಗೆಯೇ ಕುಮಟಾದ ಗಜನಿ ಗದ್ದೆಗಳ ಉಪ್ಪುನೀರಿಗೆ ಕಗ್ಗ ಭತ್ತವೇ ಸರಿ. ತಳಿ ಹಳೆಯದೋ ಹೊಸದೋ ಎನ್ನುವುದಕ್ಕಿಂತ ಆ ನೆಲಕ್ಕೆ ಒಗ್ಗುತ್ತದೆಯೇ ಎಂಬುದು ಮುಖ್ಯ.

ಮಾಹಿತಿ ಇಲ್ಲ ಎನ್ನುವಂತಿಲ್ಲ. ರಾಜ್ಯದಲ್ಲಿ 10 ಕೃಷಿ ಹವಾಮಾನ ವಲಯಗಳಿವೆ. ಸಂಶೋಧನಾ ಕೇಂದ್ರಗಳು ತಳಿಗಳನ್ನು ಹಲವು ಕಡೆ ಬೆಳೆದು ನೋಡುತ್ತವೆ, ಕೃಷಿ ವಿಶ್ವವಿದ್ಯಾಲಯಗಳು ವಲಯವಾರು ಶಿಫಾರಸು ಮಾಡುತ್ತವೆ. 1966ರ ಬೀಜ ಕಾಯ್ದೆಯೂ ಪ್ರದೇಶಕ್ಕೆ ತಕ್ಕಂತೆ ತಳಿಗಳನ್ನು ಅಧಿಸೂಚಿಸಲು ಅವಕಾಶ ಕೊಟ್ಟಿದೆ. ಆ ಮಾಹಿತಿ ಪುಸ್ತಕದಿಂದ ಬೀಜದ ಅಂಗಡಿಯ ಕಟ್ಟೆಗೆ ಇಳಿಯಬೇಕು, ಅಷ್ಟೇ. ಚೀಲದ ಮೇಲೆ ವಲಯ, ಮಣ್ಣು, ಬಿತ್ತನೆಯ ಕಾಲವನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಮುದ್ರಿಸುವುದು ಕಡ್ಡಾಯವಾಗಲಿ. ಪ್ರತಿ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಆ ಹೋಬಳಿಗೆ ಒಗ್ಗುವ ತಳಿಗಳ ಪಟ್ಟಿ ಇರಲಿ. ದಾಖಲೆ ಇಳುವರಿಯ ಜಾಹೀರಾತು ನೀಡುವವರು ಅದು ಯಾವ ಊರಿನ, ಎಂಥ ಹೊಲದ ದಾಖಲೆ ಎಂಬುದನ್ನೂ ಹೇಳಲಿ.