ಗುಳೆ ಓದಲು ಯುರೋಪಿಗೇ ಹೋಗಬೇಕೆ?



ಹವಾಮಾನ ಬದಲಾವಣೆ ಮತ್ತು ವಲಸೆ ಕುರಿತು ಸ್ನಾತಕೋತ್ತರ ಪದವಿ ಮಾಡಬಯಸುವವರಿಗೆ ತಮ್ಮ ಪತ್ರಿಕೆಯ ಶಿಕ್ಷಣ ಪುರವಣಿಯಲ್ಲಿ ಕೊಟ್ಟ ಸಲಹೆಗಳನ್ನು ಓದಿದೆ. ಜರ್ಮನಿಯ ಬಾನ್, ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯಗಳ ಹೆಸರಿದ್ದವು. ಎರಡೂ ಕಡೆ ಈ ವಿಷಯದಲ್ಲಿ ಒಳ್ಳೆಯ ಕೆಲಸ ನಡೆದಿದೆ, ಹೋಗಲು ಅನುಕೂಲವಿದ್ದವರು ಖಂಡಿತ ಹೋಗಲಿ. ಆದರೆ ಉದಾಹರಣೆಗೆ ಸಿಕ್ಕಿದ್ದು ಟುವಾಲು, ಕಿರಿಬಾಟಿ, ಬಾಂಗ್ಲಾದೇಶ ಮಾತ್ರ. ರಾಯಚೂರು, ಯಾದಗಿರಿಗಳ ಹೆಸರು ಎಲ್ಲಿಯೂ ಇಲ್ಲ. ನಮ್ಮ ಭಾಗದ ವಿಶ್ವವಿದ್ಯಾಲಯಗಳೇ ದುಡಿಮೆಗಾಗಿ ಊರು ಬಿಡುವ ಗುಳೆಯನ್ನು ಪದವಿಯಾಗಿ ಕಲಿಸುವಷ್ಟು ದೊಡ್ಡ ವಿಷಯವೆಂದು ನೋಡದಿರುವಾಗ ಲೇಖಕರೊಬ್ಬರನ್ನೇ ದೂರಿ ಫಲವಿಲ್ಲ.

ದೇವದುರ್ಗ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಬಹುಕಾಲ ಪಾಠ ಮಾಡಿದವನು ನಾನು. ದೀಪಾವಳಿ ಕಳೆದ ಮೇಲೆ ಹಾಜರಿ ಪುಸ್ತಕ ತೆರೆದರೆ ಆ ವರ್ಷದ ಮಳೆ ಹೇಗಿತ್ತೆಂದು ಗೊತ್ತಾಗುತ್ತಿತ್ತು. ಹಿಂಗಾರು ಕೈಕೊಟ್ಟರೆ ಅರ್ಧ ತರಗತಿಯ ಹೆಸರುಗಳ ಮುಂದೆ ಸಾಲಾಗಿ ಗೈರು. ರಾತ್ರಿ ಹೊತ್ತು ಕೂಲಿಗಳನ್ನು ಕರೆದೊಯ್ಯುವ ಮೇಸ್ತ್ರಿಯ ಕ್ರೂಸರ್ ವಾಹನ ಬಂದು ನಿಲ್ಲುತ್ತಿತ್ತು. ಜೋಳದ ಹಿಟ್ಟಿನ ಚೀಲ, ಖಾರದ ಪುಡಿ, ತಾಡಪಾಲು, ಕೌದಿ ಎಲ್ಲ ಮೇಲೇರುತ್ತಿದ್ದವು. ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಪುಣೆಗೋ ಗೋವಾಕ್ಕೋ ಹೊರಟ ಕುಟುಂಬಗಳು. ಮರುದಿನ ಮನೆಗೆ ಹೋಗಿ ಕೇಳಿದರೆ ಉಳಿದ ಮುದುಕಿಯಿಂದ ಬರುತ್ತಿದ್ದುದು ಒಂದೇ ಉತ್ತರ: "ದುಡಿಯಾಕ ಹೋಗ್ಯಾರ್ರಿ ಸರ, ಯುಗಾದಿಗೆ ಬರ್ತಾರ." ಹಂಗಾಮಿ ವಸತಿ ಶಾಲೆಗಳಿಂದ ಕೆಲವು ಮಕ್ಕಳು ಉಳಿದರು, ಎಲ್ಲರೂ ಅಲ್ಲ.

ಎಲ್ಲ ಗುಳೆಗೂ ಹವಾಮಾನವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅಪಾಯಕರ ಕೂಡ, ಏಕೆಂದರೆ ಆಗ ಯಾವ ಅಧಿಕಾರಿಯೂ ಯಾವುದಕ್ಕೂ ಹೊಣೆಯಾಗುವುದಿಲ್ಲ. ಹೂಳು ತುಂಬಿ ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. ಕಾಲುವೆಯ ಕೊನೆಯಂಚಿನ ರೈತನಿಗೆ ನೀರು ತಲುಪದಿರುವುದಕ್ಕೆ ಆಕಾಶವನ್ನಷ್ಟೇ ದೂರುವಂತಿಲ್ಲ. ಭೂಮಿ ಇಲ್ಲದಿರುವುದು, ಸಾಲ, ಮೇಸ್ತ್ರಿಯಿಂದ ಪಡೆದ ಮುಂಗಡ, ತಡವಾಗಿ ಬರುವ ಉದ್ಯೋಗ ಖಾತರಿಯ ಕೂಲಿ ಎಲ್ಲ ಸೇರಿಯೇ ಮನುಷ್ಯ ಊರು ಬಿಡುವುದು. ಇದರಲ್ಲಿ ಮಳೆಯ ಪಾಲೆಷ್ಟು, ಸಾಲದ ಪಾಲೆಷ್ಟು ಎಂದು ಬಿಡಿಸಿ ನೋಡುವುದೇ ಹವಾಮಾನ ಬದಲಾವಣೆ ಮತ್ತು ವಲಸೆಯ ಪದವಿಯ ಕೆಲಸ.

ಅದಕ್ಕೆ ಬೇಕಾದ ಮಾಹಿತಿ ಸರ್ಕಾರದ ಕೈಯಲ್ಲೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಮಕ್ಕಳ ವಿವರ ಶಿಕ್ಷಣ ಇಲಾಖೆಯ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿದೆ. ಯಾರಿಗೆ ಎಷ್ಟು ದಿನ ಕೆಲಸ ಸಿಕ್ಕಿತೆಂಬುದು ಉದ್ಯೋಗ ಖಾತರಿಯ ಹಾಜರಿ ಪಟ್ಟಿಯಾದ ಎನ್‌ಎಂಆರ್‌ನಲ್ಲಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವಾದವು. ಆ ಒಂದು ವರ್ಷದ ಈ ಮೂರು ಲೆಕ್ಕಗಳನ್ನು ಒಂದೇ ಪಂಚಾಯಿತಿಗೆ ಜೋಡಿಸಿ, ಊರಿಗೆ ಹೋಗಿ ಜನರನ್ನು ಕೇಳಿದರೆ ಒಬ್ಬ ವಿದ್ಯಾರ್ಥಿಯ ಪ್ರಬಂಧಕ್ಕೆ ಧಾರಾಳ ಸಾಮಗ್ರಿ ಸಿಗುತ್ತದೆ.

ಈ ಅಧ್ಯಯನಕ್ಕೆ ಜನಗಣತಿಯನ್ನು ನೆಚ್ಚಿ ಕೂರುವಂತಿಲ್ಲ. 1991ರ ಗಣತಿಯಲ್ಲಿ ವಲಸೆಯ ಕಾರಣಗಳ ಪಟ್ಟಿಯಲ್ಲಿ ಬರ, ನೆರೆಯಂಥ ನೈಸರ್ಗಿಕ ವಿಕೋಪವೂ ಇತ್ತು. 2001 ಮತ್ತು 2011ರಲ್ಲಿ ಅದನ್ನು ಕೈಬಿಡಲಾಯಿತು, ಬರಕ್ಕೆ ಹೆದರಿ ಹೋದವರೂ 'ಕೆಲಸಕ್ಕಾಗಿ' ಹೋದವರಾದರು. ಮುಂದಿನ ಎಣಿಕೆ ನಿಗದಿಯಾಗಿರುವುದು 2027ರ ಫೆಬ್ರುವರಿಗೆ. ಆಗ ನಮ್ಮ ಎಷ್ಟೋ ಹಳ್ಳಿಗಳ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಬೆಂಗಳೂರಿನ ಕಾರ್ಮಿಕರ ಶೆಡ್ಡುಗಳಿಗೆ ಗಣತಿದಾರರು ಹೋಗುತ್ತಾರೆಯೇ ಎಂದು ಈಗಲೇ ಕೇಳಬೇಕು. ಕಾನೂನೂ ಹೀಗೆಯೇ ನಡೆದುಕೊಂಡಿದೆ. 2025ರವರೆಗೆ ಜಾರಿಯಲ್ಲಿದ್ದ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರರ ಮೂಲಕ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಯಾದಗಿರಿಯಿಂದ ಬೆಂಗಳೂರಿಗೆ ಬಂದವನು ಅದರ ಲೆಕ್ಕದಲ್ಲಿ ವಲಸೆ ಕಾರ್ಮಿಕನೇ ಆಗಿರಲಿಲ್ಲ.

ಆದ್ದರಿಂದ ರಾಯಚೂರಿನ ವಿಶ್ವವಿದ್ಯಾಲಯವೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೋ ಈ ಪದವಿಯನ್ನು ಆರಂಭಿಸಬೇಕು. ಕೃಷಿ ಹವಾಮಾನ, ಕಾರ್ಮಿಕ ಕಾನೂನು, ಜನಸಂಖ್ಯಾಶಾಸ್ತ್ರ ಮೂರನ್ನೂ ಒಟ್ಟಿಗೆ ಕಲಿಸಲಿ. ಕನ್ನಡದಲ್ಲಿ ಪ್ರಬಂಧ ಬರೆಯಲು ಅವಕಾಶವಿರಲಿ, ಪಂಚಾಯಿತಿಯವರು ಓದಬೇಕಾದದ್ದು ಇಂಗ್ಲಿಷಿನಲ್ಲಿ ಬಿದ್ದಿದ್ದರೆ ಪ್ರಯೋಜನವಿಲ್ಲ. ಒಂದು ಸೆಮಿಸ್ಟರ್ ಪೂರ್ತಿ ಗುಳೆ ಹೋದವರ ಶೆಡ್ಡುಗಳಲ್ಲಿ, ಅವರು ಬಿಟ್ಟುಹೋದ ಊರುಗಳಲ್ಲಿ ಕ್ಷೇತ್ರಕಾರ್ಯ ಕಡ್ಡಾಯವಾಗಲಿ. ವರ್ಷಕ್ಕೆ 5,000 ಕೋಟಿ ರೂಪಾಯಿ ಅನುದಾನ ಘೋಷಣೆಯಾಗುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಕೆಲವು ವಿದ್ಯಾರ್ಥಿವೇತನಗಳು ಹೊರೆಯಾಗಲಾರವು. ಗುಳೆ ಹೋಗಿ ಬಂದ ಮನೆಗಳಿಂದ ಪದವಿ ಮುಗಿಸಿದ ಹುಡುಗ, ಹುಡುಗಿಯರು ನಮ್ಮಲ್ಲಿದ್ದಾರೆ. ಪ್ರವೇಶದಲ್ಲೂ ವಿದ್ಯಾರ್ಥಿವೇತನದಲ್ಲೂ ಮೊದಲ ಆದ್ಯತೆ ಅವರಿಗೇ ಸಿಗಬೇಕೆಂಬುದು ನನ್ನ ಒತ್ತಾಯ.

— ನಿವೃತ್ತ ಮುಖ್ಯ ಶಿಕ್ಷಕ, ದೇವದುರ್ಗ, ರಾಯಚೂರು ಜಿಲ್ಲೆ